ಬೇಡವೆಂದರೂ ಬಡಿಸಿದ ಒಂದೂವರೆ ಕಿಲೋ

ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಹಳೆಯ ಪೇಂಟ್ ಬಕೆಟ್ಟಿನೊಳಗೆ ಒಂದು ಬಸಳೆ ಬಳ್ಳಿ ಇದೆ. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಶೂವಿನೊಳಗೆ ತುರುಕಿ ತಂದ ತುಂಡು. ಬೇಸಗೆಯಲ್ಲಿ ಅದು ಸತ್ತೇ ಹೋಯಿತೆಂದು ನಾವು ಮೂರು ಸಲ ತೀರ್ಮಾನಿಸಿದ್ದೆವು. ನವೆಂಬರ್ ಬಂದದ್ದೇ ತಡ, ಚಿಗುರಿ ನಿಂತು, ಹಬ್ಬಲು ಜಾಗ ಕಾಣದೆ ಈಗ ಪಕ್ಕದ ಮನೆಯವರ ಎ.ಸಿ. ಪೈಪಿಗೆ ಕೈ ಚಾಚಿದೆ. ಕಳೆದ ಶುಕ್ರವಾರ ಇಗರ್ಜಿಯಿಂದ ಬಂದವಳೇ ನನ್ನ ಹೆಂಡತಿ ಜೆಸಿಂತ ಕತ್ತರಿ ಹಿಡಿದುಕೊಂಡು ನನ್ನೆದುರು ನಿಂತಳು.

"ಎಂತ ಮಾರಾಯ್ರೆ, ಮನೆಯಲ್ಲಿ ದಾರ ಕಟ್ಟುವವರೇ ಇದ್ದೂ ನನ್ನ ಬಸಳೆಗೆ ಒಂದು ಮಾರು ದಾರ ಇಲ್ಲವಾ? ಆ ಡ್ರಾಯರಿನಲ್ಲಿ ಹಳದಿ ಸುರುಳಿ ಉಂಟಲ್ಲ, ಎರಡು ವರ್ಷದಿಂದ ಸುಮ್ಮನೆ ಬಿದ್ದಿದೆ. ಅದನ್ನೇ ಕೊಡಿ."

"ಅದೊಂದು ಬೇಡ."

"ಯಾಕೆ, ಅದಕ್ಕೆಂತ ಚಿನ್ನದ ನೀರು ಕೊಟ್ಟಿದ್ದಾರಾ?"

"ಬೇಡ ಅಂದೆನಲ್ಲ!" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಜೆಸಿಂತ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಕಿರುಚುವ ರೋಗಿಗೆ ಎಲ್ಲಿ ನೋಯುತ್ತಿದೆ ಎಂದು ಅವಳಿಗೆ ಬೇಗ ತಿಳಿಯುತ್ತದೆ. ಕತ್ತರಿಯನ್ನು ಮೇಜಿನ ಮೇಲಿಟ್ಟು ಮೀನು ತೊಳೆಯಲು ಹೋದಳು. ನಾನು ಡ್ರಾಯರ್ ತೆರೆದು ಆ ಸುರುಳಿಯನ್ನು ಕೈಯಲ್ಲಿ ಹಿಡಿದು ಕೂತೆ.

ನಾನು ಟೆನಿಸ್ ರ‍್ಯಾಕೆಟ್ಟಿಗೆ ದಾರ ಕಟ್ಟುವವನು. ಹೀಗೆ ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. "ಅದೂ ಒಂದು ಕೆಲಸವಾ? ಅದಕ್ಕೆ ಕುವೈತಿಗೆ ಹೋಗಬೇಕಾ ಲ್ಯಾನ್ಸಿ?" ಎಂದು ಕೇಳುತ್ತಾರೆ. ನನ್ನನ್ನು ಕರೆಸಿಕೊಂಡ ಕ್ರೀಡಾ ಸಾಮಾನಿನ ಅಂಗಡಿಯವರಿಗೂ ಈ ಕೆಲಸಕ್ಕೆ ಕಾಗದದಲ್ಲಿ ಏನೆಂದು ಬರೆಸಬೇಕೋ ತೋಚಲಿಲ್ಲ. ದಾರದ ಕೆಲಸವಲ್ಲವೇ, ದರ್ಜಿ ಎಂದು ಬರೆಸಿಬಿಟ್ಟರು. ಹಾಗಾಗಿ ಇಪ್ಪತ್ತೊಂದು ವರ್ಷದಿಂದ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸಲು ಕೊಡುವ ಪರವಾನಗಿ ಕಾರ್ಡಿನ ಪ್ರಕಾರ ನಾನೊಬ್ಬ ದರ್ಜಿ. ಅಂಗಿಯ ಗುಂಡಿ ಕಿತ್ತುಹೋದರೆ ಹೆಂಡತಿಯ ಮುಖ ನೋಡುವ ದರ್ಜಿ.

ಕೈ ಮಾತ್ರ ಅಪ್ಪನದ್ದು. ಅಪ್ಪ ಬೆತ್ತದ ಕುರ್ಚಿ ನೇಯುತ್ತಿದ್ದರು. ಇಗರ್ಜಿಯ ಕುರ್ಚಿ, ಶಾಲೆಯ ಹೆಡ್‌ಮಾಸ್ಟರರ ಕುರ್ಚಿ, ಡಾಕ್ಟರರ ಕುರ್ಚಿ, ಒಟ್ಟಿನಲ್ಲಿ ಊರಿನ ದೊಡ್ಡವರೆಲ್ಲ ಕೂತು ಕೂತು ಜೋತುಬಿದ್ದ ಕುರ್ಚಿಗಳು ನಮ್ಮ ಜಗಲಿಗೆ ಬರುತ್ತಿದ್ದವು. ನೆನೆಸಿದ ಬೆತ್ತದ್ದೊಂದು ಹುಳಿ ವಾಸನೆ ಮನೆ ತುಂಬ. ನನ್ನ ಕೆಲಸ ಕುರ್ಚಿಯ ಅಡಿಯಲ್ಲಿ ಅಂಗಾತ ಮಲಗಿ, ಮೇಲಿನಿಂದ ಅಪ್ಪ ತೂರಿಸಿದ ಬೆತ್ತವನ್ನು ಕೆಳಗಿನಿಂದ ಎಳೆಯುವುದು. ತೂತುಗಳ ನಡುವೆ ಅಪ್ಪನ ಮುಖ ಚೂರುಚೂರಾಗಿ ಕಾಣುತ್ತಿತ್ತು. "ಎಳಿ" ಎನ್ನುತ್ತಿದ್ದರು, "ಸಾಕು" ಎನ್ನುತ್ತಿದ್ದರು. ಇಡೀ ಬೆಳಗ್ಗೆ ಅವೆರಡೇ ಮಾತು. ಒಮ್ಮೆ ವಿಗಾರರ, ಅಂದರೆ ನಮ್ಮ ಪಾದ್ರಿಗಳ ಕುರ್ಚಿಗೆ, ಸಾಕು ಎಂದ ಮೇಲೂ ಭಕ್ತಿಯಿಂದ ಇನ್ನೊಂದಿಷ್ಟು ಎಳೆದೆ. ಅಪ್ಪ ಬಯ್ಯಲಿಲ್ಲ. ಅಷ್ಟೂ ಬಿಚ್ಚಿದರು.

"ಕೂರುವವರ ಮೈಗೆ ನೇಯಬೇಕು ಮಗಾ, ನಿನ್ನ ಕೈಯ ಜೋರಿಗಲ್ಲ. ಸಾಕು ಅಂದರೆ ಸಾಕು."

ಆದರೆ ಅದೇ ಮನೆಯ ಒಳಗೆ, ಜಗಲಿಯಿಂದ ನಾಲ್ಕು ಹೆಜ್ಜೆ ಆಚೆ, ಸಾಕು ಎಂಬ ಮಾತಿಗೆ ಕಿಲುಬು ಕಾಸಿನ ಬೆಲೆಯಿರಲಿಲ್ಲ. ಅದು ಅಮ್ಮನ ರಾಜ್ಯ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬಹುದು. ಬಂದವರು ಸಾಕು ಎಂದರೆ ಇನ್ನೊಂದು ಹಾಕಬೇಕು; ತಟ್ಟೆಗೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲಿ ಹಾಕಬೇಕು; ಎದ್ದೇಬಿಟ್ಟರೆ ಭುಜ ಒತ್ತಿ ಕೂರಿಸಿ ಹಾಕಬೇಕು. ಮೊದಲ ಸಲಕ್ಕೇ ನಿಲ್ಲಿಸಿದರೆ ಮನೆಯವರಿಗೆ ಕೈ ಬರುವುದಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಮರಿಯಮ್ಮನವರ ಮೊಂತಿ ಹಬ್ಬದ ಸುತ್ತ ಒಂದು ದಿನ ಹೊಸ ವಿಗಾರರು ಊಟಕ್ಕೆ ಬಂದಿದ್ದರು. ಘಟ್ಟದ ಮೇಲಿನವರು, ಮಿತ ಆಹಾರಿ, ನಮ್ಮ ರೀತಿ ಗೊತ್ತಿಲ್ಲ. ಇಡ್ಲಿಯಂಥ ನಮ್ಮ ಸಾನ್ನ ಮೂರು ತಿಂದು ಸಾಕು ಎಂದವರಿಗೆ ಅಮ್ಮ ಏಳು ತಿನ್ನಿಸಿದರು. ಪಾಪ, ಪಾದ್ರಿಗಳು ಮುಖದಲ್ಲಿ ನಗು ಇಟ್ಟುಕೊಂಡೇ ಕೊನೆಯ ತುಂಡನ್ನೂ ನುಂಗಿದರು. ಆ ಸಂಜೆ ಪಾಪನಿವೇದನೆಯ ಗೂಡಿನಲ್ಲಿ ಅವರು ಗೊರಕೆ ಹೊಡೆದದ್ದನ್ನು, ತನ್ನ ಪಾಪಗಳನ್ನು ಎರಡು ಸಲ ಹೇಳಬೇಕಾಗಿ ಬಂದ ಒಬ್ಬ ಮುದುಕಿ ಊರಿಗೆಲ್ಲ ಸಾರಿದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅಪ್ಪ ಮಾತ್ರ, "ಅವರಿಗೆ ನಿಜವಾಗಿಯೂ ಬೇಡವಾಗಿತ್ತೋ ಏನೋ. ಮರ್ಯಾದೆಗೆ ತಿಂದರು" ಎಂದು ಜಗಲಿಗೆ ಹೋದರು.

ಅಪ್ಪನ ಕೈ, ಅಮ್ಮನ ಬುದ್ಧಿ. ಎರಡೂ ಒಬ್ಬನಿಗೇ ಬಂದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಈ ಹಳದಿ ಸುರುಳಿ ನನ್ನ ಡ್ರಾಯರಿನಲ್ಲಿದೆ.

ಚಳಿಗಾಲದಲ್ಲಿ ಇಲ್ಲಿಯ ಕ್ಲಬ್ಬೊಂದರಲ್ಲಿ ಟೆನಿಸ್ ಪಂದ್ಯಾವಳಿ ಇರುತ್ತದೆ. ಟಿ.ವಿ.ಯಲ್ಲಿ ತೋರಿಸುವಂಥದ್ದಲ್ಲ. ಆ ಏಣಿಯ ಕಟ್ಟಕಡೆಯ ಮೆಟ್ಟಿಲು. ಬೇರೆ ಬೇರೆ ದೇಶಗಳಿಂದ ಹುಡುಗರು ತಮ್ಮ ಚೀಲ ತಾವೇ ಹೊತ್ತುಕೊಂಡು, ಸೋತು, ಮುಂದಿನ ದೇಶಕ್ಕೆ ಹೋಗುವಂಥದ್ದು. ಅಂಗಡಿಯವರು ಆ ಹದಿನೈದು ದಿನ ನನ್ನನ್ನು ಮಷೀನಿನೊಂದಿಗೆ ಅಲ್ಲಿಗೆ ಕಳಿಸುತ್ತಾರೆ. ಎರಡನೇ ಅಂಕಣದ ಪಕ್ಕದಲ್ಲಿ, ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ ನನ್ನದು. ಆಟಗಾರ ರ‍್ಯಾಕೆಟ್ ತಂದು, ಎಷ್ಟು ಬಿಗಿ ಬೇಕೆಂದು ಕಿಲೋ ಲೆಕ್ಕದಲ್ಲಿ ಹೇಳುತ್ತಾನೆ. ನಾನು ಚೀಟಿಯಲ್ಲಿ ಬರೆದು, ಅಷ್ಟೇ ಬಿಗಿಯಲ್ಲಿ ದಾರ ಎಳೆದು ಕೊಡಬೇಕು. ನಮ್ಮ ಕಸುಬಿನಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಆ ಕೋಣೆಗೆ ಲುಬೊಶ್ ಬಂದ. ಜೆಕ್ ದೇಶದವನು, ಇಪ್ಪತ್ತಮೂರು ವರ್ಷ, ಒಣಗಿದ ತೊಗಟೆಯಂಥ ತುಟಿ, ಮೂಗಿನ ಮೇಲೆ ಸಿಪ್ಪೆ ಸುಲಿದ ಕೆಂಪು. ಉಳಿದವರು ರ‍್ಯಾಕೆಟ್ ಕೊಟ್ಟು ಹೋಗುತ್ತಾರೆ. ಇವನು ಕೊಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತ. ಮಹಬೂಲಾದಲ್ಲಿ ನಾಲ್ಕು ಜನ ಸೇರಿ ಹಿಡಿದ ಒಂದು ಫ್ಲ್ಯಾಟಿನಲ್ಲಿ ಅವನ ವಾಸ. ಅಲ್ಲಿಗೆ ಹೋಗಿ ಗೋಡೆ ನೋಡುವುದಕ್ಕಿಂತ ನನ್ನ ಕೈ ನೋಡುವುದು ವಾಸಿ ಎಂದ. ಅವನ ಇಂಗ್ಲಿಷು ಅಮೆರಿಕದ್ದು, ನನ್ನದು ಅರ್ಧ ಮಂಗಳೂರಿನದ್ದು, ಅರ್ಧ ಕುವೈತಿನದ್ದು. ಆದರೂ ಮಾತು ನಡೆಯಿತು.

ಅಮೆರಿಕದ ಒಂದು ಕಾಲೇಜು ಅವನ ಆಟ ನೋಡಿ ಫೀಸಿಲ್ಲದೆ ಓದಿಸಿತ್ತು. ನಾಲ್ಕು ವರ್ಷ ಅಲ್ಲಿ ಆಡಿ, ಕೊನೆಯ ವರ್ಷ ತಂಡದ ನಾಯಕನೂ ಆಗಿದ್ದ. ಅಲ್ಲಿ ತನ್ನ ತಂಡದವರ ರ‍್ಯಾಕೆಟ್ಟುಗಳಿಗೆಲ್ಲ ಅವನೇ ದಾರ ಕಟ್ಟುತ್ತಿದ್ದನಂತೆ. ಹಾಗಾಗಿ ನನ್ನ ಬೆರಳುಗಳನ್ನು ಅವನು ನೋಡುವ ರೀತಿಯೇ ಬೇರೆ. ಗಂಟು ಹಾಕುವಾಗ ಉಸಿರು ಹಿಡಿಯುತ್ತಿದ್ದ.

"ಕಾಲೇಜಿನಲ್ಲಿ ನಾನು ಒಂದು ಪಾಯಿಂಟ್ ಗೆದ್ದರೆ ಹತ್ತು ಜನ ಕೂಗುತ್ತಿದ್ದರು, ಮಿಸ್ಟರ್ ಲ್ಯಾನ್ಸಿ. ಮ್ಯಾಚ್ ಗೆದ್ದರೆ ಮೈಮೇಲೆ ಬೀಳುತ್ತಿದ್ದರು. ಇಲ್ಲಿ ನಿನ್ನೆ ಗೆದ್ದೆ. ನನ್ನ ಟವೆಲ್ ನಾನೇ ಮಡಚಿಕೊಂಡು ಬಂದೆ."

"ಅಪ್ಪ ಅಮ್ಮನಿಗೆ ಫೋನ್ ಮಾಡಲಿಲ್ಲವಾ?"

"ಅಪ್ಪ ರೈಲು ಓಡಿಸುತ್ತಾರೆ. ಡ್ಯೂಟಿಯಲ್ಲಿದ್ದರು."

ಆ ಅಪ್ಪ ಕಾಲೇಜು ಮುಗಿದ ಮೇಲೆ ಮಗನಿಗೆ ಒಂದು ವರ್ಷ ಕೊಟ್ಟಿದ್ದರು. ಕ್ರಿಸ್ಮಸ್ಸಿನ ಒಳಗೆ ವೃತ್ತಿಪರ ಆಟದ ಪಟ್ಟಿಯಲ್ಲಿ ಮೊದಲ ಅಂಕ ಬಂದರೆ ಇನ್ನೊಂದು ವರ್ಷ ಆಡಬಹುದು. ಬರದಿದ್ದರೆ ಮನೆಗೆ ವಾಪಸು, ಸಿಕ್ಕಿದ ಕೆಲಸ. ಐದು ದೇಶ ಸುತ್ತಿದ್ದ, ಎಲ್ಲೂ ಬಂದಿರಲಿಲ್ಲ. ಕುವೈತು ಕೊನೆಯದ್ದು. "ಇಲ್ಲೂ ಬರದಿದ್ದರೆ ಖಲಾಸ್" ಎಂದ. ಬಂದ ಮೂರೇ ದಿನದಲ್ಲಿ ಆ ಶಬ್ದ ಕಲಿತುಬಿಟ್ಟಿದ್ದ.

ಅರ್ಹತಾ ಸುತ್ತಿನ ಪಂದ್ಯಗಳನ್ನು ಒಂದರ ಹಿಂದೆ ಒಂದು ಗೆದ್ದ. ನಾನು ಬೇರೆಯವರ ರ‍್ಯಾಕೆಟ್ ಮಷೀನಿಗೆ ಸಿಕ್ಕಿಸಿ ಕಿಟಕಿಯಲ್ಲಿ ಇವನನ್ನು ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ಯಾವ ಆಟಗಾರನ ಹೆಸರನ್ನೂ ನೆನಪಿಟ್ಟುಕೊಳ್ಳದ ನಾನು, ಮನೆಗೆ ಬಂದು ಹೆಂಡತಿ ಮಗಳೊಡನೆ ಬರೀ ಅವನದ್ದೇ ಜಪ ಮಾಡುತ್ತಿದ್ದೆ. "ಡ್ಯಾಡಾ, ಆರ್ ಯೂ ಅಡಾಪ್ಟಿಂಗ್ ಹಿಮ್?" ಎಂದು ಹತ್ತನೇ ಕ್ಲಾಸಿನ ಮಗಳು ಶರಲ್ ಕೇಳಿದಳು. ಜೆಸಿಂತ ಮರುದಿನ ಎರಡು ಪಾಲು ನೀರುದೋಸೆ, ಕೋಳಿ ಸಾರು ಕಟ್ಟಿಕೊಟ್ಟಳು. ಲುಬೊಶ್ ನಾಲ್ಕು ದೋಸೆ ತಿಂದು, ಕೈ ಅಡ್ಡ ಹಿಡಿದು, "ಸಾಕು, ಪ್ರಾಕ್ಟೀಸ್ ಇದೆ" ಎಂದ. ಬಿಡುತ್ತೇನೆಯೇ? ಇನ್ನೆರಡು ಹಾಕಿದೆ. ನನ್ನ ಮುಖ ನೋಡಿದ, ನಕ್ಕ, ಎರಡನ್ನೂ ತಿಂದ. ಮಧ್ಯಾಹ್ನ ಅಂಕಣದಲ್ಲಿ ಅವನು ನಡುನಡುವೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದುದನ್ನು ನಾನು ಕಂಡೆ. ಕಂಡು ಸಂತೋಷಪಟ್ಟೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮುಖ್ಯ ಸುತ್ತಿನಲ್ಲಿ ಇನ್ನು ಒಂದೇ ಒಂದು ಪಂದ್ಯ ಗೆದ್ದರೆ ಆ ಅಂಕ ಅವನದು. ಹಿಂದಿನ ಸಂಜೆ ಮೂರು ರ‍್ಯಾಕೆಟ್ಟುಗಳನ್ನು, ಈ ಹಳದಿ ಸುರುಳಿಯನ್ನು ಮೇಜಿನ ಮೇಲಿಟ್ಟ. "ಇಪ್ಪತ್ತಮೂರು ಕಿಲೋ, ಯಾವಾಗಿನ ಹಾಗೆ" ಎಂದ. ಚೀಟಿಯಲ್ಲಿ ಬರೆದುಕೊಂಡೆ. ಅವನು ಹೋದ.

ಅವನ ಚೆಂಡು ಆ ಎರಡು ಮೂರು ದಿನ ಸ್ವಲ್ಪ ಉದ್ದ ಹೋಗುತ್ತಿತ್ತು. ಕಿಟಕಿಯಿಂದ ನೋಡಿ ನೋಡಿ ನನಗದು ಬಾಯಿಪಾಠವಾಗಿತ್ತು. ಬಿಸಿಲಿಗೆ ದಾರ ಸಡಿಲವಾಗುತ್ತದೆ, ಚೆಂಡು ಹಾರುತ್ತದೆ. ನಾಳೆಯೂ ಬಿಸಿಲಿದ್ದರೆ? ಒಂದು ಚೂರು ಬಿಗಿ ಮಾಡಿದರೆ ಗೆರೆಯೊಳಗೇ ಬೀಳುತ್ತದಲ್ಲ? ಹುಡುಗನಿಗೆ ಕೇಳಲು ಸಂಕೋಚವಿರಬಹುದು. ಹಾಗೆಲ್ಲ ಯೋಚಿಸುತ್ತ ಮಷೀನಿನಲ್ಲಿ ಬಿಗಿ ಹೊಂದಿಸುವ ಗುಬುಟವನ್ನು ತಿರುಗಿಸಿದೆ. ಇಪ್ಪತ್ತನಾಲ್ಕೂವರೆ. ಮೂರಕ್ಕೂ ಹಾಗೆಯೇ ಕಟ್ಟಿದೆ. ಫೋನ್ ಮಾಡಿ ಒಂದು ಮಾತು ಕೇಳಬಹುದಿತ್ತು; ಅವನ ನಂಬರ್ ಚೀಟಿಯಲ್ಲೇ ಇತ್ತು. ಆದರೆ ಕೇಳಿ ಬಡಿಸುವುದು ನಮ್ಮ ಪದ್ಧತಿಯಲ್ಲವಲ್ಲ.

ಬೆಳಗ್ಗೆ ಎದ್ದರೆ ಗಾಳಿ ತಿರುಗಿತ್ತು. ಉತ್ತರದ ಗಾಳಿ, ಮೋಡ, ಧೂಳು, ಸ್ವೆಟರ್ ಹಾಕುವಷ್ಟು ಚಳಿ. ಚಳಿಗೆ ಬಿಗಿ ದಾರ ಹಲಗೆಯಾಗುತ್ತದೆ ಎಂದು ಈ ಕಸುಬಿನಲ್ಲಿ ಒಂದು ತಿಂಗಳು ಇದ್ದವನಿಗೂ ಗೊತ್ತು. ಓಡಿ ಕ್ಲಬ್ಬಿಗೆ ಹೋಗುವಷ್ಟರಲ್ಲಿ ಅವನು ರ‍್ಯಾಕೆಟ್ ಎತ್ತಿಕೊಂಡು ಅಂಕಣಕ್ಕೆ ಇಳಿದಾಗಿತ್ತು.

ಮೊದಲ ಆಟದಿಂದಲೇ ಚೆಂಡು ಬಲೆಗೆ ಬೀಳತೊಡಗಿತು. ಬೀಳದ್ದು ಅಂಕಣದ ನಡುವಿಗೆ ಹೋಗಿ ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತಾಗುತ್ತಿತ್ತು. ಲುಬೊಶ್ ದಾರದ ಮೇಲೆ ಅಂಗೈ ತಟ್ಟಿ ಕಿವಿಗೊಟ್ಟ. ರ‍್ಯಾಕೆಟ್ ಬದಲಿಸಿದ. ಮತ್ತೆ ತಟ್ಟಿದ. ಮೂರನೆಯದನ್ನು ತೆಗೆದ. ಒಂದು ಸೆಟ್ ಸೋತು ಕುರ್ಚಿಯಲ್ಲಿ ಕೂತಾಗ ನನ್ನ ಕಿಟಕಿಯ ಕಡೆ ತಿರುಗಿ ನೋಡಿದ. ಪಂದ್ಯದ ನಡುವೆ ರ‍್ಯಾಕೆಟ್ ಕಳಿಸಿಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಬಿಚ್ಚಿ ಕಟ್ಟಿಕೊಡಬಹುದು. ನಾನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಏನು ಮಾಡಿದೆ ಗೊತ್ತೇ? ನಗುತ್ತ ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ತಲೆಯಾಡಿಸಿ ಎದ್ದ.

ಆಮೇಲೆ ಅವನು ಆಡಿದ್ದನ್ನು ಆಟ ಎನ್ನಲಾರೆ, ಕಲ್ಲು ಒಡೆದದ್ದು. ಚೆಂಡನ್ನು ಆಚೆ ತಲುಪಿಸಲು ಮೈಯಲ್ಲಿದ್ದ ಅಷ್ಟೂ ಶಕ್ತಿ ಹಾಕಿ ಹೊಡೆದ. ಎರಡನೇ ಸೆಟ್ ಗೆದ್ದೂಬಿಟ್ಟ. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಮೂರನೆಯದರಲ್ಲಿ ಐದು-ಐದರವರೆಗೆ ಬಂದ. ಅಷ್ಟರಲ್ಲಿ ಅವನು ಮೊಣಕೈ ಹಿಡಿದುಕೊಂಡು ಓಡುತ್ತಿದ್ದ. ಕೊನೆಯ ಚೆಂಡು ಬಲೆಯ ಅಂಚಿಗೆ ತಾಗಿ ಅವನ ಕಡೆಗೇ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ತಟ್ಟಿ ಹಾಕಿದವನು ಗಾಜಿನ ಹಿಂದೆ ನಿಂತಿದ್ದ. "ಯಲ್ಲಾ, ನೆಕ್ಸ್ಟ್!" ಎಂದು ಅಂಕಣ ನೋಡಿಕೊಳ್ಳುವವನು ಮುಂದಿನ ಜೋಡಿಯನ್ನು ಕರೆದ.

ಲುಬೊಶ್ ಕೋಣೆಗೆ ಬಂದು ಅದೇ ಸ್ಟೂಲಿನ ಮೇಲೆ ಕೂತ. ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. ಅವನೇ ಮೊದಲು ಮಾತಾಡಿದ.

"ಸ್ಟ್ರಿಂಗ್ ಚೆನ್ನಾಗಿತ್ತು, ಮಿಸ್ಟರ್ ಲ್ಯಾನ್ಸಿ. ಥ್ಯಾಂಕ್ ಯೂ. ನನ್ನ ಕೈಯೇ ಇವತ್ತು ಆಗಲಿಲ್ಲ."

ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಇವನಿಗೆ ಗೊತ್ತಾಗಿಲ್ಲ ಎಂಬ ಸಮಾಧಾನ ಹೊಟ್ಟೆಯೊಳಗೆ ಬಿಸಿ ಗಂಜಿಯಂತೆ ಇಳಿಯಿತು. ಅದಕ್ಕಿಂತ ನಾಚಿಕೆಗೇಡಿನ ಸಮಾಧಾನವನ್ನು ನಾನು ಕಂಡಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಯಾಣಕ್ಕೆ ಮೊದಲು ದಾರ ಕತ್ತರಿಸಿಬಿಡೋಣ, ಚೌಕಟ್ಟಿಗೆ ಒಳ್ಳೆಯದು ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಮೂರು ರ‍್ಯಾಕೆಟ್ಟಿನ ದಾರವನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಇನ್ನು ಯಾರೂ ಅಳೆದು ನೋಡುವಂತಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನಾನೇ ಹೆಗಲು ಒರೆಸಿಕೊಂಡೆ. ಅವನು ನನ್ನ ಕತ್ತರಿಯನ್ನೇ ನೋಡುತ್ತಿದ್ದ. ಹೊರಡುವಾಗ ಉಳಿದ ಹಳದಿ ಸುರುಳಿಯನ್ನು ನನ್ನ ಮೇಜಿನ ಮೇಲೆ ಬಿಟ್ಟ.

"ಇದು ನಿಮಗೆ. ನನಗೆ ಇನ್ನು ಬೇಕಾಗುವುದಿಲ್ಲ."

ಆಮೇಲೆ ಎರಡು ವರ್ಷ ಬೇರೆಯವರಿಗೆ ದಾರ ಕಟ್ಟಿದೆ, ಉಂಡೆ, ಮಲಗಿದೆ. ಸಾಮಾನ್ಯವಾಗಿಯೇ ಇದ್ದೆ. ಗುಬುಟ ತಿರುಗಿಸುವಾಗ ಮಾತ್ರ ಚೀಟಿಯನ್ನು ಮೂರು ಸಲ ಓದುತ್ತೇನೆ.

ಮೊನ್ನೆ ಬಸಳೆಯ ಜಗಳವಾದ ಮೇಲೆ ಇದನ್ನೆಲ್ಲ ಜೆಸಿಂತಳಿಗೆ ಹೇಳಿದೆ. ಮೀನಿಗೆ ಮಸಾಲೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ್ರಾ? ಪಾದ್ರಿಗಳ ಹತ್ತಿರ ಹೇಳಿದ್ರಾ?"

"ಹೇಳಿದೆ."

"ಅವರಿಗೆ ಹೇಳಿ ಎಂತ ಪ್ರಯೋಜನ, ಸೋತದ್ದು ಅವರಾ? ಆ ಹುಡುಗನಿಗೆ ಹೇಳಿ."

ಅವನ ನಂಬರಿದ್ದ ಚೀಟಿ ಸುರುಳಿಯೊಳಗೇ ಇತ್ತು. ಮೊಬೈಲಿನಲ್ಲಿ ಒಂದು ಪತ್ರ ಬರೆದೆ. ಉತ್ತರದ ಗಾಳಿ, ಚೆಂಡಿನ ಗುಣ, ನನ್ನ ಇಪ್ಪತ್ತೊಂದು ವರ್ಷದ ಅನುಭವ, ಎಲ್ಲ ಸೇರಿ ಎರಡು ಪುಟವಾಯಿತು. ಶರಲ್ ಹೆಗಲ ಮೇಲಿಂದ ಓದಿದಳು.

"ಡ್ಯಾಡಾ, ದಿಸ್ ಈಸ್ ವೆದರ್ ರಿಪೋರ್ಟ್. ಜಸ್ಟ್ ಸೇ ವಾಟ್ ಯೂ ಡಿಡ್."

ಎಲ್ಲ ಅಳಿಸಿದೆ. 'ನೀನು ಇಪ್ಪತ್ತಮೂರು ಕೇಳಿದ್ದೆ. ನಾನು ಹೇಳದೆ ಇಪ್ಪತ್ತನಾಲ್ಕೂವರೆ ಕಟ್ಟಿದೆ. ತಪ್ಪು ನಿನ್ನ ಕೈಯದ್ದಲ್ಲ. ಕ್ಷಮಿಸು' ಎಂದು ಕಳಿಸಿದೆ.

ಮರುದಿನ ಊಟದ ಹೊತ್ತಿಗೆ ಉತ್ತರ ಬಂತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ಮಿಸ್ಟರ್ ಲ್ಯಾನ್ಸಿ, ನನಗೆ ಗೊತ್ತಿತ್ತು. ಪಂದ್ಯಕ್ಕೆ ಮೊದಲು ನಾಲ್ಕು ಚೆಂಡು ಹೊಡೆದಾಗಲೇ ಗೊತ್ತಾಯಿತು, ನಾನೂ ದಾರ ಕಟ್ಟಿದವನಲ್ಲವೇ. ಮೊದಲ ಸೆಟ್ ಆದ ಮೇಲೆ ಒಂದು ರ‍್ಯಾಕೆಟ್ ನಿಮಗೆ ಕಳಿಸೋಣ ಎಂದು ಕಿಟಕಿ ಕಡೆ ನೋಡಿದೆ. ನೀವು ಹೆಬ್ಬೆರಳು ಎತ್ತಿದಿರಿ. ಇವರು ಬೇಕೆಂದೇ ಮಾಡಿದ್ದಾರೆ, ನನಗೆ ಕಾಣದ್ದೇನೋ ಇವರಿಗೆ ಕಂಡಿದೆ ಅಂದುಕೊಂಡೆ. ಆಮೇಲೆ ಹೇಳಿದ್ದರೆ ನಿಮಗೆ ಬೇಸರವಾಗುತ್ತಿತ್ತು. ನನಗೆ ಆ ಊರಿನಲ್ಲಿ ಊಟ ಕೊಟ್ಟವರು ನೀವೊಬ್ಬರೇ. ಈಗ ರೈಲ್ವೆಯಲ್ಲಿದ್ದೇನೆ, ಶನಿವಾರ ಮಕ್ಕಳಿಗೆ ಆಟ ಕಲಿಸುತ್ತೇನೆ. ಮೊಣಕೈ ಪರವಾಗಿಲ್ಲ. ಆ ತೆಳು ದೋಸೆಯ ಹೆಸರು ಮರೆತುಹೋಗಿದೆ, ತಿಳಿಸಿ.'

ಎರಡು ಸಲ ಓದಿದೆ. ಮೂರನೇ ಸಲ ಕಣ್ಣಿಗೆ ಅಕ್ಷರ ಕಾಣಲಿಲ್ಲ. ಸಾಕು ಎಂದು ಅಡ್ಡ ಹಿಡಿದ ಅವನ ಕೈ ನೆನಪಾಯಿತು, ನನ್ನ ಮುಖ ನೋಡಿ ನಕ್ಕು ಎರಡು ದೋಸೆ ತಿಂದದ್ದು ನೆನಪಾಯಿತು. ಅವನು ಪಂದ್ಯವನ್ನೂ ಹಾಗೆಯೇ ತಿಂದಿದ್ದ. ಫೋನನ್ನು ಜೆಸಿಂತಳ ಕಡೆ ತಳ್ಳಿದೆ. ಅವಳು ಓದಿ, "ನೀರುದೋಸೆ ಅಂತ ಬರೆಯಿರಿ" ಎಂದಳು. ಬರೆದೆ.

ಊಟವಾದ ಮೇಲೆ ಸುರುಳಿ ಬಿಚ್ಚಿ ಬಾಲ್ಕನಿಯಲ್ಲಿ ಬಸಳೆಗೆ ನಾಲ್ಕು ಎಳೆ ಕಟ್ಟಿದೆ, ಸಡಿಲವಾಗಿಯೇ. ಅದು ಇವತ್ತಿಗೂ ಎ.ಸಿ. ಪೈಪನ್ನು ಬಿಟ್ಟಿಲ್ಲ. ರಾತ್ರಿಯ ಊಟಕ್ಕೆ ನನಗೆ ಹಸಿವಿರಲಿಲ್ಲ. ಜೆಸಿಂತ ಒಂದು ಸೌಟು ಅನ್ನ ಹಾಕಿದಳು, ಸಾಕು ಎಂದೆ. ಇನ್ನೊಂದು ಸೌಟು ಎತ್ತಿದಳು. ತಟ್ಟೆಗೆ ಕೈ ಅಡ್ಡ ಹಿಡಿದೆ. ಅವಳು ಬೆರಳ ಸಂದಿಯಲ್ಲಿ ಹಾಕಿ, ಸಾರು ತರಲು ಒಳಗೆ ಹೋದಳು. ನಾನು ಅಷ್ಟನ್ನೂ ತಿಂದೆ.